ಮನೆ ಮನೆ ಸರ್ವೆಗೆ ಜನ ಸೇರಿಸುವುದು, ಅವರ ದುಡ್ಡು ಅವರಿಗೆ ಮುಟ್ಟಿಸುವುದು

ಹೊಸದಾಗಿ ಸರ್ವೆ ಮಾಡಿಸುವವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ: "ಮೇಡಂ, ನಿಮ್ಮ ರಾಯಚೂರು ಕಡೆ ಒಂದು ಫಾರ್ಮಿಗೆ ಎಷ್ಟು ನಡೀತಿದೆ ಈಗ?" ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವವರಿಗೆ ನಾನು ತುಂಬಿದ ಫಾರ್ಮಿನ ಲೆಕ್ಕದಲ್ಲಿ ದುಡ್ಡು ಕೊಡುವುದಿಲ್ಲ, ದಿನದ ಲೆಕ್ಕದಲ್ಲಿ ಕೊಡುತ್ತೇನೆ ಅನ್ನುತ್ತೇನೆ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ "ಖರ್ಚು ಜಾಸ್ತಿ ಆಗುತ್ತಲ್ವಾ?" ಅಂತ ಕೇಳುತ್ತಾರೆ. ಆಗುತ್ತದೆ. ಆದರೂ ಯಾಕೆ ಹಾಗೇ ಮಾಡಬೇಕು, ಹೇಗೆ ಮಾಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ಮುನ್ನೂರರಿಂದ ಸಾವಿರ ಮನೆಯವರೆಗೆ ಸರ್ವೆ ಮಾಡಿಸುವ ಸಣ್ಣ ಸಂಸ್ಥೆಗಳು, ಕಾಲೇಜಿನ ಮೇಷ್ಟ್ರುಗಳು, ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರು, ನಿಮಗೆ ಇದು ಉಪಯೋಗಕ್ಕೆ ಬರಬಹುದು.

ನಾನು ಈ ಕೆಲಸಕ್ಕೆ ಬಂದದ್ದು 2006ರಲ್ಲಿ, ಬಿ.ಎ. ಮುಗಿಸಿದ ವರ್ಷ. ಮಾನ್ವಿ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ಆರೋಗ್ಯ ಸರ್ವೆ. ತುಂಬಿದ ಫಾರ್ಮಿಗೆ 20 ರೂಪಾಯಿ, ಬಸ್ ಚಾರ್ಜು ನಮ್ಮದೇ. ಮನೆಗೆ ಬೀಗ ಹಾಕಿದ್ದರೆ ಅಲ್ಲಿವರೆಗೆ ನಡೆದದ್ದು ದಂಡ. ಆ ಫಾರ್ಮಿನಲ್ಲಿ ಮನೆಯ ಪ್ರತಿಯೊಬ್ಬರ ಬಗ್ಗೆಯೂ 14 ಪ್ರಶ್ನೆ ಇದ್ದವು. ಏಳು ಜನ ಇರುವ ಮನೆಯಲ್ಲಿ ಒಂದೂವರೆ ಗಂಟೆ ಕೂರಬೇಕು, ಮೂರು ಜನ ಇರುವ ಮನೆಯಲ್ಲಿ ಅರ್ಧ ಗಂಟೆ ಸಾಕು. ಎರಡಕ್ಕೂ 20 ರೂಪಾಯಿಯೇ. ಮೂರನೇ ವಾರದ ಹೊತ್ತಿಗೆ ನಮ್ಮ ಫಾರ್ಮುಗಳಲ್ಲಿ ಮನೆಗಳು ಸಣ್ಣವಾಗುತ್ತಾ ಹೋದವು. ಅಜ್ಜಿಯನ್ನು ಬಿಟ್ಟೆವು, ಬೆಂಗಳೂರಿಗೆ ದುಡಿಯಲು ಹೋದ ಮಗನನ್ನು ಬಿಟ್ಟೆವು, ತೊಟ್ಟಿಲಲ್ಲಿದ್ದ ಕೂಸನ್ನು ಬಿಟ್ಟೆವು. ನಾನೂ ಬಿಟ್ಟಿದ್ದೇನೆ. ಆ ಊರುಗಳ ಕೂಸುಗಳ ಲೆಕ್ಕ ಆ ವರದಿಯಲ್ಲಿ ತಪ್ಪಾಗಿದೆ ಅಂತ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ದುಡ್ಡು ಕೈಗೆ ಬಂದಿದ್ದು ಐದು ತಿಂಗಳಾದ ಮೇಲೆ. ಅಲ್ಲಿವರೆಗೆ ಬಸ್ಸಿಗೆ ಅಂತ ಚಿಕ್ಕಮ್ಮನ ಹತ್ತಿರ ಸಾಲ ಮಾಡಿದ್ದೆ.

ನಾವ್ಯಾರೂ ಕೆಟ್ಟ ಹುಡುಗರಲ್ಲ. ದುಡ್ಡು ಕೊಡುವ ರೀತಿಯೇ ನಮ್ಮನ್ನು ಆ ಕಡೆ ತಳ್ಳಿತು.

ಮೊದಲು ದಿನದ ಲೆಕ್ಕ ಹಾಕಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. 30 ಹಳ್ಳಿ, ಹಳ್ಳಿಗೆ 20 ಮನೆ, ಒಟ್ಟು 600 ಮನೆ. ಒಂದು ಮನೆಗೆ 45 ನಿಮಿಷದ ಪ್ರಶ್ನೆಗಳು. ಆಫೀಸಿನಲ್ಲಿ ಕೂತು ಲೆಕ್ಕ ಹಾಕುವವರು ಒಬ್ಬರಿಗೆ ದಿನಕ್ಕೆ ಎಂಟು ಮನೆ ಅಂತ ಬರೆಯುತ್ತಾರೆ. ನೀವು ನಾಲ್ಕು ಅಂತ ಬರೆಯಿರಿ. ಬೆಳಿಗ್ಗೆ ಹತ್ತೂವರೆ ಆದರೆ ಜನ ಹೊಲಕ್ಕೆ ಹೋಗಿರುತ್ತಾರೆ, ಸಂಜೆ ನಾಲ್ಕೂವರೆವರೆಗೆ ಊರಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಸಿಗುವ ಹೊತ್ತು ಎರಡು ತುಂಡು, ಅಷ್ಟೇ.

600 ಮನೆಗೆ ದಿನಕ್ಕೆ ನಾಲ್ಕರಂತೆ, ಒಬ್ಬರೇ ಮಾಡಿದರೆ 150 ದಿನದ ಕೆಲಸ. ಬೀಗ, ಮಳೆ, ಊರಲ್ಲಿ ಸಾವು, ಜ್ವರ ಅಂತ ಇನ್ನೊಂದಿಷ್ಟು ಸೇರಿಸಿ 176 ಅಂತ ಇಡಿ. ಎಂಟು ಜನ ಆದರೆ ತಲೆಗೆ 22 ದಿನ. ತರಬೇತಿ ನಾಲ್ಕು ದಿನ, ಒಂದು ಊರಲ್ಲಿ ಪ್ರಾಯೋಗಿಕವಾಗಿ ಮಾಡಿ ನೋಡಲು ಒಂದು ದಿನ. ಅಲ್ಲಿಗೆ ತಲೆಗೆ 27 ದಿನ, ಒಟ್ಟು 216. ನಾನು ಈಗ ಕೊಡುವುದು ದಿನಕ್ಕೆ 800 ರೂಪಾಯಿ, ಅಂದರೆ 1,72,800. ಓಡಾಟಕ್ಕೆ, ಊಟಕ್ಕೆ ದಿನಕ್ಕೆ 250 ಬೇರೆ, ಅದು 54,000. ಇಬ್ಬರು ಸೂಪರ್‌ವೈಸರ್‌ಗಳು, ತಲಾ 30 ದಿನ, ದಿನಕ್ಕೆ 1,100 ರೂಪಾಯಿ, 66,000. ಫೋನ್ ಡೇಟಾಗೆ ಹತ್ತು ಜನಕ್ಕೂ 300ರಂತೆ 3,000. ಎಲ್ಲ ಸೇರಿ 2,95,800. ಇದರ ಮೇಲೆ ಹತ್ತರಲ್ಲಿ ಒಂದು ಪಾಲು ಮುಟ್ಟದೆ ಇಡಿ. ಅಂದರೆ ಸುಮಾರು ಮೂರು ಕಾಲು ಲಕ್ಷ ಬೇಕು. ನಿಮ್ಮ ಹತ್ತಿರ ಎರಡೇ ಲಕ್ಷ ಇದ್ದರೆ ದಿನಗೂಲಿ ಇಳಿಸಬೇಡಿ, ಮನೆಗಳ ಸಂಖ್ಯೆ ಇಳಿಸಿ, ಇಲ್ಲವೇ ಪ್ರಶ್ನೆ ಕಡಿಮೆ ಮಾಡಿ. 380 ಮನೆಯ ನಿಜವಾದ ಮಾಹಿತಿ ಕೈಯಲ್ಲಿದ್ದರೆ ಏನಾದರೂ ಮಾಡಬಹುದು.

800 ಯಾಕೆ ಅಂತ ಕೇಳುತ್ತಾರೆ. 2025–26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು. ಡಿಗ್ರಿ ಓದಿದವರನ್ನು ಕರೆದು, ರಾಯಚೂರಿನ ಬಿಸಿಲಲ್ಲಿ ಅಲೆಸಿ, ಊಟ ಓಡಾಟ ಎಲ್ಲ ಸೇರಿಸಿ 450 ಕೊಡುವವರನ್ನು ನೋಡಿದ್ದೇನೆ. ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಪಟ್ಟಿ ತೆಗೆದು ನೋಡಿ, ಅದಕ್ಕಿಂತ ಕೆಳಗೆ ಇಳಿಯಲೇಬಾರದು. ಆಮೇಲೆ ನಿಮ್ಮ ತಾಲ್ಲೂಕಿನಲ್ಲಿ ಖಾಸಗಿ ಶಾಲೆಯ ಟೀಚರ್‌ಗೆ, ಬಟ್ಟೆ ಅಂಗಡಿಯ ಹುಡುಗನಿಗೆ ತಿಂಗಳಿಗೆ ಎಷ್ಟು ಸಿಗುತ್ತದೆ ಅಂತ ವಿಚಾರಿಸಿ. ಒಂದು ತಿಂಗಳ ಕೆಲಸಕ್ಕೆ ಇರುವ ಕೆಲಸ ಬಿಟ್ಟು ಬರುವವರಿಗೆ ಅದಕ್ಕಿಂತ ಚೆನ್ನಾಗಿ ಸಿಗಬೇಕಲ್ವಾ?

ಇನ್ನೊಂದು ವಿಷಯ, ಇದರ ಬಗ್ಗೆ ನಾನು ಜಗಳವನ್ನೇ ಆಡಿದ್ದೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಅದಕ್ಕೇ ಕೆಲವರು ಹೆಣ್ಣುಮಕ್ಕಳ ಓಡಾಟದ ದುಡ್ಡು ಕತ್ತರಿಸುತ್ತಾರೆ. ಬಸ್ಸು ಹೋಗುವುದು ರಸ್ತೆಯವರೆಗೆ. ಅಲ್ಲಿಂದ ಲಂಬಾಣಿ ತಾಂಡಾಕ್ಕೆ ಮೂರು ಕಿಲೋಮೀಟರ್, ಟಂಟಂ ಆಟೋ ಹಿಡಿಯಬೇಕು. ಸಂಜೆ ಏಳರ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ, ಆಗ ಆಟೋದವರು ಕೇಳಿದಷ್ಟು ಕೊಡಲೇಬೇಕು. ಗಂಡಸರಿಗೆ 250 ಅಂದರೆ ಹೆಂಗಸರಿಗೂ 250.

ಯಾವಾಗ ಮಾಡಬೇಕು ಅನ್ನುವುದು ಊರಿನ ಬೆಳೆ ನೋಡಿ ಗೊತ್ತಾಗುತ್ತದೆ. ಸಿಂಧನೂರು ಕಡೆ, ಕಾಲುವೆ ನೀರು ಇರುವಲ್ಲಿ, ಭತ್ತದ ನಾಟಿ ಹೊತ್ತಿನಲ್ಲಿ ಹೋಗಬೇಡಿ. ದೇವದುರ್ಗ, ಲಿಂಗಸುಗೂರಿನ ಒಣ ಬೇಸಾಯದ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಜನ ದುಡಿಯಲು ಬೇರೆ ಊರುಗಳಿಗೆ ಗುಳೆ ಹೋಗುತ್ತಾರೆ. ಮೊಹರಂಗೆ, ಯುಗಾದಿಗೆ, ಊರ ಜಾತ್ರೆಗೆ ವಾಪಸ್ ಬರುತ್ತಾರೆ. ಏಪ್ರಿಲ್, ಮೇ ಬೇಡವೇ ಬೇಡ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಯಾರನ್ನೂ ಓಡಾಡಿಸಬಾರದು.

ಯಾರನ್ನು ಕರೆಯುವುದು

ಪೇಪರಿನಲ್ಲಿ ಜಾಹೀರಾತು ಹಾಕಿದರೆ ಊರಿನವರಿಗೆ ಬೇಗ ಮುಟ್ಟುವುದಿಲ್ಲ. ನಾನು ಹೋಗುವುದು ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕೆ. ಪಿಡಿಒ, ಪೊಲೀಸ್, ಶಿಕ್ಷಕರ ಪರೀಕ್ಷೆಗೆ ಓದುವ ಹುಡುಗರು ಹುಡುಗಿಯರು ಬೆಳಿಗ್ಗೆಯಿಂದ ಅಲ್ಲೇ ಕೂತಿರುತ್ತಾರೆ. ಡಿ.ಎಡ್., ಎಂ.ಎಸ್.ಡಬ್ಲ್ಯು. ಮುಗಿಸಿದವರು ಸಿಗುತ್ತಾರೆ. ಸ್ವಸಹಾಯ ಸಂಘಗಳಲ್ಲಿ ಲೆಕ್ಕ ಬರೆಯುವ ಹೆಂಗಸರಂತೂ ಚಿನ್ನ. ಪಿಯುಸಿ ಮಾತ್ರ ಓದಿರಬಹುದು. ಆದರೆ ಹತ್ತು ವರ್ಷದಿಂದ ಇಪ್ಪತ್ತು ಜನರ ಸಾಲದ ಲೆಕ್ಕ ತಪ್ಪಿಲ್ಲದೆ ಬರೆದಿರುತ್ತಾರೆ, ಯಾರ ಮನೆಯ ಗುಟ್ಟನ್ನೂ ಹೊರಗೆ ಬಿಟ್ಟಿರುವುದಿಲ್ಲ.

ಆಶಾ ಕಾರ್ಯಕರ್ತೆಯರನ್ನು, ಅಂಗನವಾಡಿ ಕಾರ್ಯಕರ್ತೆಯರನ್ನು ಸರ್ವೆಗೆ ಹಾಕಿಕೊಳ್ಳಬೇಡಿ. ಅವರ ತಲೆ ಮೇಲೆ ಈಗಾಗಲೇ ಬೇಕಾದಷ್ಟು ಕೆಲಸ ಇದೆ. ಅಲ್ಲದೆ ಅಂಗನವಾಡಿಯಲ್ಲಿ ಮೊಟ್ಟೆ ಸರಿಯಾಗಿ ಸಿಗುತ್ತಾ ಅಂತ ಅಂಗನವಾಡಿ ಟೀಚರೇ ಬಂದು ಕೇಳಿದರೆ ಯಾವ ತಾಯಿ ನಿಜ ಹೇಳುತ್ತಾಳೆ? ಅದೇ ಊರಿನವರನ್ನು ಅದೇ ಊರಿಗೆ ಕಳಿಸುವುದೂ ಬೇಡ. ಪಕ್ಕದ ಹೋಬಳಿಯವರಾದರೆ ಮಾತು ಗೊತ್ತಿರುತ್ತದೆ, ಮನೆ ಜಗಳ ಗೊತ್ತಿರುವುದಿಲ್ಲ.

ವಾಟ್ಸಾಪಿನಲ್ಲಿ ಹಾಕುವ ಒಕ್ಕಣೆಯಲ್ಲಿ ಎಲ್ಲವೂ ಇರಲಿ. ನಾನು ಬರೆಯುವುದು ಹೀಗೆ: "ಲಿಂಗಸುಗೂರು ತಾಲ್ಲೂಕಿನಲ್ಲಿ ಮನೆ ಮನೆ ಸರ್ವೆಗೆ 8 ಜನ ಬೇಕು. 27 ದಿನದ ಕೆಲಸ. ದಿನಕ್ಕೆ 800 ರೂ., ಓಡಾಟ-ಊಟಕ್ಕೆ 250 ರೂ. ತರಬೇತಿ ದಿನಗಳಿಗೂ ಇಷ್ಟೇ. ಪ್ರತಿ ಶನಿವಾರ ನಿಮ್ಮ ಖಾತೆಗೆ. ಕನ್ನಡ ಸರಾಗವಾಗಿ ಓದಲು ಬರಬೇಕು. ತೆಲುಗು, ಉರ್ದು, ಲಂಬಾಣಿ ಬಂದರೆ ಇನ್ನೂ ಒಳ್ಳೆಯದು. ಹೆಣ್ಣುಮಕ್ಕಳು ಖಂಡಿತ ಬನ್ನಿ." ಸಂಬಳ ಎಷ್ಟು ಅಂತ ಮೊದಲೇ ಬರೆಯದೆ "ಆಕರ್ಷಕ ಗೌರವಧನ" ಅಂತ ಹಾಕಿದರೆ, ಬಸ್ ಚಾರ್ಜು ಹಾಕಿಕೊಂಡು ಬಂದವರು ವಾಪಸ್ ಹೋಗಬೇಕಾಗುತ್ತದೆ. ಅದು ಅನ್ಯಾಯ.

ಆರಿಸುವಾಗ ನಾನು "ನಿಮ್ಮ ಗುರಿ ಏನು" ಅಂತ ಕೇಳುವುದಿಲ್ಲ. ಒಂದು ಪುಟ ಜೋರಾಗಿ ಓದಿಸುತ್ತೇನೆ. ಆಮೇಲೆ ಒಂದು ಲೆಕ್ಕ ಕೊಡುತ್ತೇನೆ. ರೈತನಿಗೆ ಒಂದು ಕಡೆ 2 ಎಕರೆ 30 ಗುಂಟೆ, ಇನ್ನೊಂದು ಕಡೆ 1 ಎಕರೆ 25 ಗುಂಟೆ, ಒಟ್ಟು ಎಷ್ಟು? ಫೋನಿನ ಕ್ಯಾಲ್ಕುಲೇಟರ್‌ನಲ್ಲಿ 2.30ಕ್ಕೆ 1.25 ಕೂಡಿಸಿ 3.55 ಅಂತ ಹೇಳುವವರೇ ಜಾಸ್ತಿ, ಅದರಲ್ಲಿ ಎಂ.ಎ. ಓದಿದವರೂ ಇದ್ದಾರೆ. ಎಕರೆಗೆ 40 ಗುಂಟೆ. ಉತ್ತರ 4 ಎಕರೆ 15 ಗುಂಟೆ. ತಪ್ಪು ಹೇಳಿದವರನ್ನು ಅಲ್ಲಿಗೇ ಕಳಿಸಿಬಿಡಬೇಡಿ. ತಪ್ಪು ತೋರಿಸಿದಾಗ "ಓ, ಹೌದಲ್ಲ" ಅಂತ ಕಣ್ಣು ಅರಳಿಸಿ ಇನ್ನೊಂದು ಲೆಕ್ಕ ಕೇಳುವವರನ್ನು ಗುರುತು ಮಾಡಿಕೊಳ್ಳಿ.

ಇನ್ನೊಂದು ವಯಸ್ಸಿನ ಲೆಕ್ಕ. ನಾನೇ ಅಜ್ಜಿಯ ಹಾಗೆ ಚಾಪೆ ಮೇಲೆ ಕೂರುತ್ತೇನೆ. "ಮಮ್ಮಗನ ವಯಸ್ಸು ಎಷ್ಟು ಅಜ್ಜಿ?" ಅಂತ ಕೇಳಿದರೆ "ನನಗೇನ್ ಗೊತ್ತ್ಯವ್ವಾ, ದೊಡ್ಡ ನೆರೆ ಬಂದಾಗ ಇನ್ನೂ ಅಂಬೆಗಾಲಿಡ್ತಿದ್ದ" ಅನ್ನುತ್ತೇನೆ. ನೆರೆ ಬಂದಿದ್ದು 2009ರಲ್ಲಿ. ಅದು ಗೊತ್ತಿದ್ದರೆ ಹುಡುಗನಿಗೆ ಎಷ್ಟಾಗಿರಬಹುದು ಅಂತ ಸಿಗುತ್ತದೆ. ಗೊತ್ತಿಲ್ಲದವರು "ಸುಮಾರು ಹತ್ತು ಅಂತ ಬರಕೊಳ್ಳಲಾ?" ಅಂತ ತಾವೇ ಹೇಳಿಕೊಡುತ್ತಾರೆ. ಅಜ್ಜಿಯ ಬಾಯಿಗೆ ಉತ್ತರ ಹಾಕುವವರು ಬೇಡ. ಕಾಯುವವರು ಬೇಕು. ಅಜ್ಜಿ ಸೊಸೆಯ ಮೇಲೆ ದೂರು ಹೇಳಲು ಶುರು ಮಾಡಿದಾಗ ಎರಡು ನಿಮಿಷ ಕೇಳಿ, ಮೆಲ್ಲಗೆ ಪ್ರಶ್ನೆಗೆ ತರುವವರು ಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಅವರನ್ನು ಒಪ್ಪಿಸಿದರೆ ಸಾಲದು, ಮನೆಯವರ ಜೊತೆಗೂ ಮಾತಾಡಬೇಕಾಗುತ್ತದೆ. "ನಮ್ ಅಪ್ಪನ್ ಕೂಡ ಒಂದ್ ಮಾತ್ ಮಾತಾಡ್ರಿ ಮೇಡಂ" ಅನ್ನುತ್ತಾರೆ. ಮಾತಾಡಿ, ಆಗುವುದಾದರೆ ಮನೆಗೇ ಹೋಗಿ. ಎಲ್ಲಿಗೆ ಹೋಗುತ್ತಾರೆ, ಜೊತೆಗೆ ಯಾರಿರುತ್ತಾರೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಇಬ್ಬಿಬ್ಬರಾಗಿ ಕಳಿಸಿ. ಅಣ್ಣನೋ ಗಂಡನೋ ಬೈಕಿನಲ್ಲಿ ಬಿಟ್ಟು ಹೋಗುತ್ತೇನೆ ಅಂದರೆ ಪೆಟ್ರೋಲಿಗೆ ಕೊಡಿ. ಪ್ರತಿ ಊರಿನಲ್ಲಿ ಅವರು ಶೌಚಕ್ಕೆ ಹೋಗಬಹುದಾದ ಒಂದು ಮನೆಯನ್ನು, ಇಲ್ಲವೇ ಶಾಲೆಯನ್ನು ಸೂಪರ್‌ವೈಸರ್ ಮೊದಲೇ ಗೊತ್ತು ಮಾಡಿರಬೇಕು. ಇದು ಸಣ್ಣ ವಿಷಯ ಅಂತ ಬಿಟ್ಟವರು, ಹುಡುಗಿಯರು ಇಡೀ ದಿನ ನೀರು ಕುಡಿಯದೆ ಕೆಲಸ ಮಾಡಿದ್ದನ್ನು ನೋಡಿಲ್ಲ. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಸಂಸ್ಥೆ ನಿಮ್ಮದಾದರೆ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ಸರ್ವೆಯ ಹಳ್ಳಿ, ದಾರಿ, ಜೀಪು ಎಲ್ಲವೂ ಕೆಲಸದ ಜಾಗವೇ. ಆ ಸಮಿತಿಯವರ ಫೋನ್ ನಂಬರನ್ನು ಮೊದಲ ದಿನವೇ ಬರೆದು ಕೊಡಿ.

ಕೇರಿಯಿಂದ ಶುರು

ಇದನ್ನು ಮುಚ್ಚಿಡದೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನನ್ನು ಆರಿಸಿದ್ದೆ. ಚುರುಕು, ಅಕ್ಷರ ಮುತ್ತಿನ ಹಾಗೆ. ಪ್ರಾಯೋಗಿಕ ದಿನ ದಲಿತರ ಕೇರಿಗೆ ಹೋದಾಗ ಅವನು ಅಂಗಳದ ಆಚೆಯೇ ನಿಂತು ಕೂಗಿ ಪ್ರಶ್ನೆ ಕೇಳುತ್ತಿದ್ದ. ಒಳಗಿನಿಂದ ತಾಯಿ ಚಾಪೆ ಹಾಸಿ ಕರೆದಳು, ಹೋಗಲಿಲ್ಲ. ತಂಬಿಗೆಯಲ್ಲಿ ನೀರು ತಂದಳು, "ಬ್ಯಾಡ್ರಿ, ಈಗಷ್ಟೇ ಕುಡಿದೀನಿ" ಅಂದ. ಆ ತಾಯಿ ತಂಬಿಗೆಯನ್ನು ಹಾಗೇ ಹಿಡಿದು ಒಂದು ಗಳಿಗೆ ನಿಂತಳು. ಆಮೇಲೆ ಅವನು ಕೇಳಿದ ಎಲ್ಲದಕ್ಕೂ "ಇಲ್ರಿ", "ಗೊತ್ತಿಲ್ರಿ". ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ನಮ್ಮ ಇನ್ನೊಬ್ಬ ಹುಡುಗಿ ಒಳಗೆ ಕೂತು, ರೊಟ್ಟಿ ಬಡಿಯುತ್ತಿದ್ದವಳ ಜೊತೆ ಮಾತಾಡುತ್ತಾ ಸಾಲದ ಲೆಕ್ಕವನ್ನೆಲ್ಲ ಬರೆದುಕೊಂಡಿದ್ದಳು. ಆ ಹುಡುಗನಿಗೆ ಐದು ದಿನದ ಪೂರ್ತಿ ದುಡ್ಡು ಕೊಟ್ಟು, ಕಾರಣ ಎದುರಿಗೇ ಹೇಳಿ ಕಳಿಸಿದೆ.

ಅಲ್ಲಿಂದ ಈಚೆಗೆ ಆರಿಸುವಾಗಲೇ ಹೇಳಿಬಿಡುತ್ತೇನೆ: ನಮ್ಮ ಸರ್ವೆ ಪ್ರತಿ ಊರಿನಲ್ಲಿ ಕೇರಿಯಿಂದ ಶುರುವಾಗುತ್ತದೆ. ಒಳಗೆ ಕರೆದರೆ ಒಳಗೆ ಹೋಗುವುದು, ನೀರು ಕೊಟ್ಟರೆ ಕುಡಿಯುವುದು. ಆಗುವುದಿಲ್ಲ ಅನ್ನುವವರು ಈಗಲೇ ಹೇಳಿ. ತಂಡದಲ್ಲಿ ಎಲ್ಲ ಸಮುದಾಯದವರೂ ಇರಲಿ, ಮುಖ್ಯವಾಗಿ ಸೂಪರ್‌ವೈಸರ್‌ಗಳಲ್ಲಿ. ದಲಿತ ಹುಡುಗಿಯೊಬ್ಬಳನ್ನು ಮೇಲಿನ ಓಣಿಯಲ್ಲಿ "ಯಾರ ಪೈಕಿ?" ಅಂತ ಕೇಳಿ ಹೊರಗೇ ನಿಲ್ಲಿಸಿದರೆ, ಅಲ್ಲೇ ನಿಂತು ಕೆಲಸ ಮುಗಿಸು ಅಂತ ಅವಳಿಗೆ ಹೇಳಬೇಡಿ. ಸೂಪರ್‌ವೈಸರ್ ಹೋಗಿ ಜೊತೆಗೆ ನಿಲ್ಲಲಿ, ಅವಳು ಬೇಡ ಅಂದರೆ ಆ ಮನೆಯನ್ನು ಬೇರೆಯವರು ಮಾಡಲಿ. ಆ ದಿನ ಅವಳು ಮಾಡಿದ್ದು ಎರಡೇ ಮನೆಯಾದರೂ ದಿನಗೂಲಿ ಪೂರ್ತಿ. ಫಾರ್ಮಿನ ಲೆಕ್ಕದಲ್ಲಿ ಕೊಡುವ ಸರ್ವೆಯಲ್ಲಿ ಈ ಅವಮಾನದ ನಷ್ಟವೂ ಅವಳ ತಲೆಗೇ ಬೀಳುತ್ತದೆ.

ತರಬೇತಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರೊಜೆಕ್ಟರ್ ಮುಂದೆ ಒಂದು ದಿನ ಸಾಕು, ಉಳಿದ ಮೂರು ದಿನ ಒಬ್ಬರನ್ನೊಬ್ಬರು ಕೇಳಿ ಅಭ್ಯಾಸ ಮಾಡಲಿ. "ಕುಟುಂಬ" ಅಂದರೆ ನಮ್ಮ ಕಡೆ ಬೇರೆಯಾದ ಅಣ್ಣತಮ್ಮಂದಿರನ್ನೂ ಸೇರಿಸಿ ಹೇಳುತ್ತಾರೆ. "ಒಂದೇ ಒಲೆಯಲ್ಲಿ ಉಣ್ಣುವವರು ಎಷ್ಟು ಜನ?" ಅಂತ ಕೇಳಿದರೆ ಸರಿಯಾಗಿ ಬರುತ್ತದೆ. ಇಂಥ ಮಾತುಗಳನ್ನು ತಂಡದವರೇ ಹುಡುಕಿ ಕೊಡುತ್ತಾರೆ, ಅವರು ಹೇಳಿದ ಹಾಗೆ ಪ್ರಶ್ನೆ ತಿದ್ದಿ. ಇನ್ನೊಂದನ್ನು ಬಾಯಿಪಾಠವೇ ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆದ ಮೇಲೆ, ಟ್ಯಾಬು ಫೋನು ಹಿಡಿದು ಯಾರು ಬಂದರೂ ಜನ "ಮತ್ತೆ ಜಾತಿ ಗಣತಿನಾ?", "ರೇಷನ್ ಕಾರ್ಡ್ ತೆಗೀತೀರೇನು?" ಅಂತ ಕೇಳುತ್ತಾರೆ. ಉತ್ತರ ನೇರವಾಗಿರಲಿ: "ನಾವು ಸರ್ಕಾರದವರಲ್ಲ. ಇದರಿಂದ ನಿಮ್ಮ ಕಾರ್ಡು ಹೋಗುವುದೂ ಇಲ್ಲ, ಹೊಸದಾಗಿ ಏನೂ ಸಿಗುವುದೂ ಇಲ್ಲ. ಇಷ್ಟ ಇಲ್ಲದಿದ್ದರೆ ಬೇಡ ಅನ್ನಬಹುದು." ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಪಂಚಾಯತಿಗೆ ತಿಳಿಸಿದ ಪತ್ರದ ನಕಲು ಇರಲಿ.

ದುಡ್ಡು

ಕೆಲಸ ಶುರುವಾಗುವ ಮೊದಲು ಪ್ರತಿಯೊಬ್ಬರಿಗೂ ಒಂದು ಪುಟದ ಪತ್ರ ಕೊಡಿ, ಕನ್ನಡದಲ್ಲಿ. ಎಷ್ಟು ದಿನ, ದಿನಕ್ಕೆ ಎಷ್ಟು, ಯಾವ ವಾರ ಜಮಾ ಅಂತ ಅದರಲ್ಲಿರಲಿ. ಜನ ಜಗಳವಾಡುವುದು ಬರೆಯದೆ ಬಿಟ್ಟ ವಿಷಯಗಳ ಮೇಲೆ. ಮಳೆ ಬಂದು ಅರ್ಧ ದಿನ ನಿಂತರೆ ಪೂರ್ತಿ ದಿನದ್ದು. ಬೀಗ ಹಾಕಿದ ಮನೆಗೆ ಮೂರು ಸಲ ಹೋದರೂ ಅದು ಕೆಲಸವೇ. ಜ್ವರ ಬಂದರೆ ಎರಡು ದಿನ ಸಂಬಳ ಸಹಿತ ರಜೆ. ನಡುವೆ ಬಿಟ್ಟು ಹೋದರೆ ಮಾಡಿದ ದಿನಗಳದ್ದು ಪೂರ್ತಿ ಕೊಡುತ್ತೇವೆ. ಟ್ಯಾಬು ಕೆಲಸದಲ್ಲಿ ಬಿದ್ದು ಒಡೆದರೆ ಅವರಿಂದ ಮುರಿದುಕೊಳ್ಳುವುದಿಲ್ಲ. ಇದನ್ನೆಲ್ಲ ಓದಿ ಹೇಳಿ, ಎರಡು ಪ್ರತಿ ಸಹಿ ಮಾಡಿಸಿ, ಒಂದನ್ನು ಅವರಿಗೇ ಕೊಡಿ.

ಬ್ಯಾಂಕಿನ ಕೆಲಸ ಮೊದಲ ದಿನವೇ ಆಗಬೇಕು. ಪಾಸ್‌ಬುಕ್ ಫೋಟೋ ತೆಗೆದುಕೊಂಡು ಬಿಟ್ಟರೆ ಕೊನೆಗೆ ದುಡ್ಡು ವಾಪಸ್ ಬರುತ್ತದೆ. ಹಳೆ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ ಇನ್ನೂ ಬಹಳ ಮನೆಗಳಲ್ಲಿದೆ. ಅದು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿತು, ಹಳೆ ಐಎಫ್‌ಎಸ್‌ಸಿ ಕೋಡ್ 2021ರ ಜುಲೈನಿಂದ ನಡೆಯುವುದಿಲ್ಲ. ನಮ್ಮ ಗ್ರಾಮೀಣ ಬ್ಯಾಂಕುಗಳೂ 2025ರ ಮೇ 1ರಿಂದ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ, ಕೋಡ್ ಈಗಿನದೇನಾ ಅಂತ ಬ್ರಾಂಚಿನಲ್ಲಿ ಕೇಳಿ. ಸ್ಕಾಲರ್‌ಶಿಪ್‌ಗೆ ಅಂತ ತೆರೆದು ಎರಡು ವರ್ಷ ಮುಟ್ಟದ ಖಾತೆ ನಿಷ್ಕ್ರಿಯ ಆಗಿರುತ್ತದೆ, ಕೆವೈಸಿ ಕೊಟ್ಟು ಮತ್ತೆ ಶುರು ಮಾಡಿಸಬೇಕು. ಆದ್ದರಿಂದ ತರಬೇತಿಯ ಮೊದಲ ದಿನ ಎಲ್ಲರ ಖಾತೆಗೂ ಒಂದು ರೂಪಾಯಿ ಕಳಿಸಿ, ಮೆಸೇಜ್ ಬಂತಾ ಅಂತ ಅಲ್ಲೇ ಕೇಳುತ್ತೇನೆ.

ಮೆಸೇಜ್ ಯಾರ ಫೋನಿಗೆ ಬಂತು ಅನ್ನುವುದನ್ನೂ ನೋಡಿ. ಸಿಂಧನೂರಿನ ಒಬ್ಬ ಹೆಣ್ಣುಮಗಳು ಮೂರು ವಾರ ಕೆಲಸ ಮಾಡಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ನನ್ ದುಡ್ಡು ನಾನಿನ್ನೂ ನೋಡೇ ಇಲ್ಲ" ಅಂದಳು. ಖಾತೆ ಅವಳದೇ. ಆದರೆ ಫೋನ್ ನಂಬರು, ಎಟಿಎಂ ಕಾರ್ಡು ಎರಡೂ ಗಂಡನ ಹತ್ತಿರ. ಅವಳು ಅದನ್ನು ತನ್ನ ಮಗಳ ಕಾಲೇಜು ಫೀಸಿಗೆ ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ವಾರ ವಾರ ಕೂಡಿಸಿ ಬರೆದುಕೊಂಡಿದ್ದಳು: 4,800, ಅದರ ಕೆಳಗೆ 9,600, ಅದರ ಕೆಳಗೆ 14,400. ಪೆನ್ಸಿಲ್ಲಿನಲ್ಲಿ, ಪ್ರತಿ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದಿದ್ದಳು. ಮರುದಿನ ಅಂಚೆ ಕಚೇರಿಯಲ್ಲಿ ಅವಳ ಹೆಸರಿಗೆ ಬೇರೆ ಉಳಿತಾಯ ಖಾತೆ ತೆರೆದು, ಉಳಿದ ವಾರಗಳ ದುಡ್ಡನ್ನು ಅಲ್ಲಿಗೆ ಹಾಕಿದೆವು. ಆಮೇಲಿಂದ ಪ್ರತಿ ಹೆಣ್ಣುಮಗಳನ್ನೂ ಒಬ್ಬಳೇ ಇದ್ದಾಗ ಕೇಳುತ್ತೇನೆ, "ನಿನ್ನ ದುಡ್ಡು ಎಲ್ಲಿಗೆ ಹಾಕಲಿ?" ಅಂತ. ಅವಳು ಹೇಳಿದ ಕಡೆಗೇ ಹಾಕಿ.

ವಾರಕ್ಕೊಮ್ಮೆ ಕೊಡಿ, ತಿಂಗಳಿಗೊಮ್ಮೆ ಬೇಡ. ಓಡಾಟದ 250 ಮಾತ್ರ ಮುಂಗಡ, ಸೋಮವಾರ ಬೆಳಿಗ್ಗೆ ಆ ವಾರದ್ದು ಕೈಗೆ. ಬಡವರ ಮನೆಯ ಹುಡುಗಿ ನಿಮ್ಮ ಸರ್ವೆಗೆ ತನ್ನ ಜೇಬಿನಿಂದ ಸಾಲ ಕೊಡುವ ಹಾಗೆ ಆಗಬಾರದು. ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ, ಮುರಿಯುವುದಿದ್ದರೆ ಮೊದಲೇ ಹೇಳಿ. ಗುತ್ತಿಗೆ ಅಂತ ತೋರಿಸಿದರೆ ಒಬ್ಬ ವ್ಯಕ್ತಿಗೆ ಶೇ. 1, ವೃತ್ತಿಪರ ಶುಲ್ಕ ಅಂತ ತೋರಿಸಿದರೆ ಶೇ. 10, ಪ್ಯಾನ್ ಕೊಡದಿದ್ದರೆ ಶೇ. 20. ಮಿತಿಯೊಳಗಿನ ಮೊತ್ತಕ್ಕೆ ಮುರಿಯಬೇಕಾಗಿಲ್ಲ. ಯಾವುದು ಅನ್ವಯ ಅಂತ ನಿಮ್ಮ ಆಡಿಟರನ್ನು ಕೇಳಿ, ಮುರಿದಿದ್ದರೆ ಅದರ ಪ್ರಮಾಣಪತ್ರ ಕೊಡಿ, ರಿಟರ್ನ್ಸ್ ಹಾಕಿ ವಾಪಸ್ ಪಡೆಯುವುದು ಹೇಗೆ ಅಂತಲೂ ತೋರಿಸಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಇದೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಅದನ್ನು ಎಲ್ಲರಿಗೂ ಮಾಡಿಸಿ. ಬೈಕಿನಲ್ಲಿ ಹೋಗುವ ತಂಡಕ್ಕೆ ಅದಷ್ಟೇ ಸಾಲದು, ಸಂಸ್ಥೆಯಿಂದ ಆಸ್ಪತ್ರೆ ಖರ್ಚು ಭರಿಸುವ ಗುಂಪು ವಿಮೆ ಇರಲಿ.

ದಿನಗೂಲಿ ಕೊಟ್ಟರೆ ಜನ ಮೈಗಳ್ಳರಾಗುವುದಿಲ್ಲವಾ ಅಂತ ಕೇಳುತ್ತಾರೆ. ಒಬ್ಬಿಬ್ಬರು ಆಗಬಹುದು. ಅದಕ್ಕೆ ಸೂಪರ್‌ವೈಸರ್ ಇರುವುದು. ಹತ್ತರಲ್ಲಿ ಒಂದು ಮನೆಗೆ ಸೂಪರ್‌ವೈಸರ್ ಮತ್ತೆ ಹೋಗಿ ನಾಲ್ಕೈದು ಪ್ರಶ್ನೆ ಕೇಳಲಿ. ಹೀಗೆ ಮಾಡುತ್ತೇವೆ ಅಂತ ತಂಡಕ್ಕೆ ಮೊದಲೇ ಗೊತ್ತಿರಲಿ. ಟ್ಯಾಬಿನಲ್ಲಿ ಶುರುವಾದ ಹೊತ್ತು, ಮುಗಿದ ಹೊತ್ತು, ಜಾಗ ಎಲ್ಲ ದಾಖಲಾಗುತ್ತದೆ. 45 ನಿಮಿಷದ ಫಾರ್ಮ್ 12 ನಿಮಿಷದಲ್ಲಿ ಮುಗಿದಿದ್ದರೆ ವಿಚಾರಿಸಬೇಕು. ಆದರೆ ವಿಚಾರಿಸುವುದು ಬೇರೆ, ಕಳ್ಳತನ ಹೊರಿಸುವುದು ಬೇರೆ.

ಮಸ್ಕಿ ಹತ್ತಿರದ ಒಂದು ತಾಂಡಾದಲ್ಲಿ ಹೀಗಾಯಿತು. ಒಬ್ಬ ಹುಡುಗಿಯ ಫಾರ್ಮುಗಳಲ್ಲಿ ಮನೆಗೆ ಇಬ್ಬರೇ, ಮೂವರೇ. ನನಗೆ ನನ್ನ 2006ರ ಫಾರ್ಮುಗಳೇ ಕಣ್ಣ ಮುಂದೆ ಬಂದವು. ಆಫೀಸಿನವರು "ಅವಳನ್ನು ತೆಗೀರಿ" ಅಂದರು. ನಾನೇ ತಾಂಡಾಕ್ಕೆ ಹೋದೆ. ಸಾಲು ಮನೆಗಳಲ್ಲಿ ಮುದುಕ, ಮುದುಕಿ, ಜೊತೆಗೆ ಶಾಲೆಗೆ ಹೋಗುವ ಒಂದು ಮಗು. ದುಡಿಯುವವರೆಲ್ಲ ಗುಳೆ ಹೋಗಿದ್ದರು. ಅವಳು ಬರೆದದ್ದೆಲ್ಲ ಸರಿಯಾಗಿತ್ತು. ಅಷ್ಟೇ ಅಲ್ಲ, ಗುಳೆ ಹೋದವರ ಹೆಸರು, ಯಾವ ಊರಿಗೆ, ಯಾವಾಗ ವಾಪಸ್ ಅಂತ ತನ್ನ ನೋಟ್‌ಬುಕ್ಕಿನಲ್ಲಿ ಬೇರೆ ಪಟ್ಟಿ ಮಾಡಿದ್ದಳು. ನಮ್ಮ ಫಾರ್ಮಿನಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ. ಆ ಪಟ್ಟಿ ನೋಡಿ ಫಾರ್ಮಿಗೆ ಹೊಸದಾಗಿ ಮೂರು ಪ್ರಶ್ನೆ ಸೇರಿಸಿದೆವು, ಮುಗಿದ ಊರುಗಳಿಗೂ ಮತ್ತೆ ಹೋದೆವು. ಮುಟ್ಟದೆ ಇಟ್ಟಿದ್ದ ಹತ್ತರಲ್ಲಿ ಒಂದು ಪಾಲು ಖರ್ಚಾಗಿದ್ದು ಅದಕ್ಕೆ.

ಕೊನೆಯ ದಿನದ ಲೆಕ್ಕವನ್ನು ಎಲ್ಲರೂ ಕೂತಿರುವಾಗ ಮುಗಿಸಿ. ಪ್ರತಿಯೊಬ್ಬರ ದಿನಗಳು, ಜಮಾ ಆದದ್ದು, ಬಾಕಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ, ಅವರು ತಮ್ಮ ನೋಟ್‌ಬುಕ್ ಜೊತೆ ಹೊಂದಿಸಿ ನೋಡಲಿ. ತಪ್ಪಿದ್ದರೆ ಅಲ್ಲೇ ತಿದ್ದಿ. ಬಾಕಿ ಅದೇ ಸಂಜೆ ಖಾತೆಗೆ ಹೋಗಲಿ, ವರದಿ ಬರೆದು ಮುಗಿಯುವವರೆಗೆ ತಡೆದು ಹಿಡಿಯಬೇಡಿ. ಅನುಭವ ಪತ್ರದಲ್ಲಿ "ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ" ಅಂತ ಸುಮ್ನೆ ಒಂದು ಸಾಲು ಬರೆಯಬೇಡಿ. ಎಷ್ಟು ಹಳ್ಳಿ, ಎಷ್ಟು ಮನೆ, ಯಾವ ಭಾಷೆಗಳಲ್ಲಿ, ಯಾವ ಆ್ಯಪಿನಲ್ಲಿ ಅಂತ ಬರೆಯಿರಿ, ಮುಂದಿನ ಕೆಲಸಕ್ಕೆ ಅದು ಬೇಕಾಗುತ್ತದೆ. ಅವರ ಆಧಾರ್, ಪಾಸ್‌ಬುಕ್ ನಕಲುಗಳನ್ನು ಆಡಿಟ್‌ಗೆ ಬೇಕಾದಷ್ಟು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿ, ವಾಟ್ಸಾಪ್ ಗುಂಪಿನಲ್ಲಿ ಬಂದ ಫೋಟೋಗಳನ್ನು ಅಳಿಸಿ. ವರದಿ ಬಂದ ಮೇಲೆ ಒಂದು ದಿನ ಕರೆಸಿ, ಅವರೇ ತಂದ ಮಾಹಿತಿಯಿಂದ ಏನು ಗೊತ್ತಾಯಿತು ಅಂತ ತೋರಿಸಿ. ಆ ದಿನಕ್ಕೂ 800, ಜೊತೆಗೆ ಬಸ್ ಚಾರ್ಜು.

ಟ್ಯಾಬು, ಚಾರ್ಜರು, ಗುರುತಿನ ಚೀಟಿ ಎಣಿಸಿ ವಾಪಸ್ ತೆಗೆದುಕೊಳ್ಳಿ. ಟೋಪಿ, ಚೀಲ, ನೀರಿನ ಬಾಟಲಿ ಅವರ ಹತ್ತಿರವೇ ಇರಲಿ.